ತೊಳೆದ ನೀರು ಎಲ್ಲಿಗೆ ಹೋಗುತ್ತದೆ

ಜುಲೈ 24, 2025, ಗುರುವಾರ

ಮೂರನೇ ಟರ್ಮ್ ಶುರುವಾಗಿ ನಾಲ್ಕು ದಿನ. ಮೈಸೂರಿನಲ್ಲಿ ಹನ್ನೊಂದು ವರ್ಷ ಕೆಮಿಸ್ಟ್ರಿ ಕಲಿಸಿದವಳು ನಾನು. ಅಡಿಲೇಡಿಗೆ ಬಂದ ಮೇಲೆ ಆರು ವರ್ಷ, ಯಾರಾದರೂ ರಜೆ ಹಾಕಿದರೆ ಅವರ ಕ್ಲಾಸು ಕಾಯುವ ಬದಲಿ ಟೀಚರ್ ಆಗಿಯೇ ಕಳೆದೆ. ಈ ವರ್ಷ ಸ್ಯಾಲಿಸ್‌ಬರಿ ಹತ್ತಿರದ ಶಾಲೆಯೊಂದರಲ್ಲಿ ನನ್ನದೇ ಅಂತ ಒಂದು ಒಂಬತ್ತನೇ ತರಗತಿ ಸಿಕ್ಕಿದೆ. ಕಾಂಟ್ರ್ಯಾಕ್ಟು ಡಿಸೆಂಬರಿನವರೆಗೆ ಮಾತ್ರ. ಅಷ್ಟರೊಳಗೆ ವನಜಾ ಅಂದರೆ ಯಾರು ಅಂತ ತೋರಿಸಿಬಿಡಬೇಕು.

ಅದಕ್ಕೇ ಹಳ್ಳ ಹಿಡಿದೆ. ಶಾಲೆಯ ಹಿಂದೆ ಒಂದು ಹಳ್ಳ ಹರಿಯುತ್ತದೆ. ಈ ದಡದಲ್ಲಿ ನಮ್ಮ ಆಟದ ಮೈದಾನ, ಆ ದಡದಲ್ಲಿ ತಗಡಿನ ಶೆಡ್ಡುಗಳ ಸಾಲು: ಕಾರು ರಿಪೇರಿ, ಪೇಂಟು, ಸ್ಟೀಲು. ಈ ಟರ್ಮಿನಲ್ಲಿ ಆ ಹಳ್ಳವೇ ನಮ್ಮ ಪುಸ್ತಕ. ಇಂದು ಇಪ್ಪತ್ತಾರು ಮಕ್ಕಳನ್ನು ಗಮ್‌ಬೂಟು ಹಾಕಿಸಿ ಕರೆದುಕೊಂಡು ಹೋದೆ. ಒಂದು ಕಪ್ಪೆಯಿಲ್ಲ, ಒಂದು ಮೀನಿಲ್ಲ. ಮಕ್ಕಳು "ಯಾಕೆ ಮಿಸ್?" ಎಂದರು. ನಾನು ಉತ್ತರ ಹೇಳಲಿಲ್ಲ. ನೀವೇ ಹುಡುಕಿ ಎಂದೆ. ಹನ್ನೊಂದು ವರ್ಷ ಉತ್ತರ ಬರೆಸಿ ಬರೆಸಿ ಕೈ ಸೋತಿತ್ತು. ಇಂದು ತುಂಬಾ ಹಗುರವಾಗಿದ್ದೇನೆ.

ಆಗಸ್ಟ್ 5, ಮಂಗಳವಾರ

ಸಿಕ್ಕಿಬಿಟ್ಟಿತು! ಶೆಡ್ಡುಗಳ ಕಡೆಯಿಂದ ಹಳ್ಳಕ್ಕೆ ಬೀಳುವ ಎರಡನೇ ಪೈಪಿನ ಕೆಳಗೆ ತೆಗೆದ ನೀರಿನಲ್ಲಿ ಅದ್ದಿದ ಪರೀಕ್ಷೆಯ ಪಟ್ಟಿ ನೇರಳೆ ಬಣ್ಣಕ್ಕೆ ತಿರುಗಿತು. ಕ್ರೋಮಿಯಂ, ವಿಷದ ಲೋಹ. ಪೈಪಿನ ಮೇಲುಗಡೆ ತೆಗೆದ ನೀರಿನಲ್ಲಿ ಏನೂ ಇಲ್ಲ. ಮಕ್ಕಳು ಕ್ರಿಕೆಟ್ ಗೆದ್ದವರ ಹಾಗೆ ಕಿರುಚಿದರು.

ಮನೆಗೆಲಸವಾಗಿ ಒಂದೇ ಪ್ರಶ್ನೆ ಕೊಟ್ಟೆ. ನಿಮ್ಮ ಮನೆಯಲ್ಲಿ ದುಡಿಯುವವರನ್ನು ಕೇಳಿ: ನೀವು ಕೆಲಸ ಮಾಡುವ ಜಾಗದಲ್ಲಿ ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಉತ್ತರವನ್ನು ಅವರ ಮಾತಿನಲ್ಲೇ ಬರೆಯಿರಿ, ಒಂದು ನಕ್ಷೆ ಬರೆಯಿರಿ.

ಊಟದ ಹೊತ್ತಿಗೆ ಇವರಿಗೆ ಹೇಳಿದೆ. ನನ್ನ ಗಂಡ ರಮಾಕಾಂತ್ ಯಾವುದಕ್ಕೂ ಕುಣಿಯುವ ಮನುಷ್ಯ ಅಲ್ಲ. "ಮಕ್ಕಳ ಕೈಲಿ ಅಪ್ಪ ಅಮ್ಮನ್ನ ವಿಚಾರಣೆ ಮಾಡಿಸ್ತಿದ್ದೀಯಲ್ಲೇ" ಎಂದರು. ಸಾಫ್ಟ್‌ವೇರಿನವರಿಗೆ ಮಕ್ಕಳ ಮನಸ್ಸು ಏನು ಗೊತ್ತು.

ಆಗಸ್ಟ್ 13, ಬುಧವಾರ

ಗಾನವಿಯ ನೋಟ್‌ಬುಕ್ಕು ಓದಿ ಕಣ್ಣು ತುಂಬಿತು. ಬೆಳಗಾವಿಯ ಭೀಮಪ್ಪ, ದೇವಕಿ ದಂಪತಿಯ ಒಬ್ಬಳೇ ಮಗಳು ಇವಳು. ಕನ್ನಡ ಸಂಘದಲ್ಲಿ ನೋಡಿ ಪರಿಚಯ. ಅಲ್ಲಿ ನಾನು ಆಂಟಿ, ಶಾಲೆಯಲ್ಲಿ ಮಿಸ್. ತೀರಾ ಚಿಕ್ಕವಳಿದ್ದಾಗಲೇ ಇಲ್ಲಿಗೆ ಬಂದವಳು; ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ ಎಂಟು ಪುಟ ಬರೆದಿದ್ದಾಳೆ.

ಅವಳ ಅಪ್ಪ ಸ್ಟೇನ್‌ಲೆಸ್ ಸ್ಟೀಲ್ ಶೆಡ್ಡಿನಲ್ಲಿ ವೆಲ್ಡರು. ವೆಲ್ಡಿಂಗ್ ಮಾಡಿದ ಕಡೆ ಹಿಡಿದ ಕಪ್ಪು ಹೋಗಲಿ ಅಂತ ಆಸಿಡ್ಡಿನ ಪೇಸ್ಟು ಹಚ್ಚುತ್ತಾರೆ, ಆಮೇಲೆ ಪೈಪು ಹಿಡಿದು ತೊಳೆಯುತ್ತಾರೆ. ಸ್ಟೀಲಿನ ಕ್ರೋಮಿಯಂ ಬೆರೆತ ಆ ನೀರನ್ನು ಡ್ರಮ್ಮಿನಲ್ಲಿ ತುಂಬಿ ಕಳಿಸಬೇಕು. ಆದರೆ ಮಾಲೀಕ, ಹಿತ್ತಲಿನ ಮಳೆನೀರಿನ ಮೋರಿಗೆ ಬಿಡು ಅಂದಿದ್ದಾನೆ. ಭೀಮಪ್ಪನ ಮಾತನ್ನು ಅವಳು ಇಂಗ್ಲಿಷ್ ಅಕ್ಷರದಲ್ಲಿ ಹಾಗೇ ಬರೆದುಕೊಂಡಿದ್ದಾಳೆ: "ಮೋರಿಗಿ ಬಿಡ್ತೀನಿ ಮಗಳ. ಬಿಡಬಾರದು, ಖರೆ." ಜೊತೆಗೆ ನಕ್ಷೆ. ನೀಲಿ ಗೇಟು, ಹಿತ್ತಲು, ಮೋರಿಯ ಜಾಲರಿ, ಅಲ್ಲಿಂದ ಎರಡನೇ ಪೈಪು, ಅಲ್ಲಿಂದ ಹಳ್ಳ.

ಸೆಪ್ಟೆಂಬರ್ 4ಕ್ಕೆ ಶಾಲೆಯಲ್ಲಿ ಪಾಲಕರ ಸಂಜೆ ಇದೆ. ಕೌನ್ಸಿಲ್ಲಿನವರು, ಅಂದರೆ ಇಲ್ಲಿನ ನಗರಸಭೆಯವರು, ಬರುತ್ತಾರೆ. ಗಾನವಿಯೇ ಮಾತಾಡಬೇಕು ಎಂದೆ. ಕಂಪನಿಯ ಹೆಸರು, ಅಪ್ಪನ ಹೆಸರು ಎರಡನ್ನೂ ತೆಗೆಸಿದ್ದೇನೆ. ಇದು ಆಸ್ಟ್ರೇಲಿಯಾ, ಇಲ್ಲಿ ಕಾನೂನಿದೆ. ಬ್ರಿಸ್ಬೇನಿನ ಶಿಕ್ಷಕರ ಸಮ್ಮೇಳನಕ್ಕೂ ಈ ಪ್ರಾಜೆಕ್ಟ್ ಕಳಿಸಿದೆ.

ಆಗಸ್ಟ್ 24, ಭಾನುವಾರ

ಬೆಳಿಗ್ಗೆ ಭೀಮಪ್ಪ ಮನೆಗೆ ಬಂದಿದ್ದ. ಫೋನಿಲ್ಲ, ಮೆಸೇಜಿಲ್ಲ, ನೇರ ಬಾಗಿಲಿಗೆ. ಕೈಯಲ್ಲಿ ಡಬ್ಬಿ ತುಂಬ ಕುಂದಾ, ದೇವಕಿ ಮಾಡಿದ್ದು. ಬುಧವಾರ ಗಣೇಶನ ಹಬ್ಬ ಅಂತ ನೆಪ. ಸೋಫಾದ ತುದಿಯಲ್ಲಿ ಕೂತ. ಕಾಫಿ ಕೊಟ್ಟೆ, ಆರುವವರೆಗೂ ಮುಟ್ಟಲಿಲ್ಲ. ಬೆರಳ ತುದಿಯ ಚರ್ಮ ಸುಲಿದಿತ್ತು. ಗ್ಲೌಸು ಹಾಕ್ಕೊಳಿ ಎಂದೆ.

"ಮೇಡಮ್ಮಾರ, ಹುಡುಗಿ ಪ್ರಾಜೆಕ್ಟಿಂದು ಒಂದ್ ಮಾತ್ ಹೇಳೂದಿತ್ರಿ."

"ಹೇಳಿ."

"ನೀವು ದೊಡ್ಡ ಮನಸ್ ಮಾಡಬೇಕ್ರಿ. ಎಲ್ಲಾ ನಿಮ್ಮ ಕೈಯಾಗೈತಿ."

ಬಂತಲ್ಲ, ಎಂದುಕೊಂಡೆ. ಮೈಸೂರಿನಲ್ಲಿ ಇಂಥ ಡಬ್ಬಿಗಳು ಎಷ್ಟು ಬಂದಿಲ್ಲ! ಮಾರ್ಚ್ ಬಂತೆಂದರೆ ಹಲ್ಲು ಕಿರಿದುಕೊಂಡು ಬಾಗಿಲಲ್ಲಿ ನಿಲ್ಲುವ ಅಪ್ಪಂದಿರು. ಸಮುದ್ರ ದಾಟಿ ಬಂದರೂ ಈ ಬುದ್ಧಿ ಬಿಡುವುದಿಲ್ಲ. "ನೋಡಿ, ಇಲ್ಲಿ ಮಾರ್ಕ್ಸು ಹಾಗೆಲ್ಲ ಸಿಗಲ್ಲ. ಗಾನವಿಗೆ ಯಾರ ಶಿಫಾರಸೂ ಬೇಕಾಗಿಲ್ಲ" ಎಂದೆ.

"ಅಲ್ರೀ, ಮಾರ್ಕ್ಸ್ ಅಲ್ರಿ... ಆಕಿ ಅಷ್ಟ್ ಮಂದಿ ಮುಂದ ನಿಂತು ಮಾತಾಡೂದು ಬೇಕೇನ್ರಿ ಅಂತ. ಸಣ್ಣಾಕಿ ಅದಾಳು."

ಅಂದರೆ ಇದೂ ಒಂದಿದೆ! ಹೆಣ್ಣುಮಗಳು ನಾಲ್ಕು ಜನರ ಮುಂದೆ ಬಾಯಿ ಬಿಡಬಾರದು. ನನಗೆ ಸಿಟ್ಟು ನೆತ್ತಿಗೇರಿತು. ಹದಿನೈದು ನಿಮಿಷ ಹೇಳಿದೆ. ಹೆಣ್ಣುಮಕ್ಕಳ ಧೈರ್ಯದ ಬಗ್ಗೆ, ಹೆದರಿಸಿ ಬೆಳೆಸುವ ತಂದೆ ತಾಯಿಯ ಬಗ್ಗೆ. ಆತ "ಹೂಂ ರಿ, ಹೂಂ ರಿ" ಅನ್ನುತ್ತಾ ಕಾರ್ಪೆಟ್ಟು ನೋಡುತ್ತಿದ್ದ. ಹೊರಡುವಾಗ ಡಬ್ಬಿಯನ್ನು ವಾಪಸ್ ಕೈಗೆ ಕೊಟ್ಟೆ.

ಬಾಗಿಲು ಹಾಕಿದ ಮೇಲೆ ಇವರು, "ಅವರು ಬೇರೇನೋ ಹೇಳೋಕೆ ಬಂದಿದ್ರು ಅನ್ಸತ್ತೆ ವನಜಾ" ಎಂದರು. ಹೇಳುವುದಿದ್ದರೆ ಬಾಯಿಲ್ಲವೇ? "ಕುಂದಾ ತಪ್ಪಿತು ಅಂತ ನಿಮಗೆ ಹೊಟ್ಟೆಯುರಿ" ಎಂದೆ. ನಗಲಿಲ್ಲ.

ಸೆಪ್ಟೆಂಬರ್ 3, ಬುಧವಾರ

ನಾಳೆಯೇ. ಪ್ರಿನ್ಸಿಪಾಲ್ ಹೆಲೆನ್ ಎರಡು ಸಲ ಬಂದು ನೋಡಿ ಹೋದಳು. ಸ್ಲೈಡು, ಬಾಟಲಿ, ಪಟ್ಟಿ ಎಲ್ಲ ಸಿದ್ಧ.

ಗಾನವಿ ಕಾರಿಡಾರಿನಲ್ಲಿ ನಿಲ್ಲಿಸಿ, "ಮಿಸ್, ಕ್ಯಾನ್ ಐ ಸ್ಕಿಪ್ ದ ಮ್ಯಾಪ್?" ಅಂದಳು. ಅಪ್ಪ ಸ್ವಲ್ಪ ಸ್ಟ್ರೆಸ್ ಆಗಿದ್ದಾರಂತೆ. ಮ್ಯಾಪೇ ನಿನ್ನ ಪ್ರಾಜೆಕ್ಟಿನ ಜೀವ ಕಣೇ, ಬ್ರಿಸ್ಬೇನಿನವರು ಕೇಳಿದ್ದೂ ಅದನ್ನೇ, ಎಂದೆ. ಸ್ಟೇಜಿನ ಭಯ. ಹೋಗಿ ನಿಂತರೆ ಸರಿಯಾಗುತ್ತದೆ.

ಸೆಪ್ಟೆಂಬರ್ 4, ಗುರುವಾರ

ಹೇಗೆ ಮಾತಾಡಿದಳು! ಮೊದಲ ಎರಡು ವಾಕ್ಯ ನಡುಗಿತು, ಆಮೇಲೆ ನೀರು ಹರಿದ ಹಾಗೆ. ನಕ್ಷೆ ತೆರೆದಾಗ ಮುಂದಿನ ಸಾಲಿನವರು ಬಾಗಿ ನೋಡಿದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೌನ್ಸಿಲ್ಲಿನವನು ಫೋನಿನಲ್ಲಿ ನಕ್ಷೆಯ ಫೋಟೋ ತೆಗೆದುಕೊಂಡ.

ಭೀಮಪ್ಪ ಬಂದಿರಲಿಲ್ಲ, ಓವರ್‌ಟೈಮಂತೆ. ದೇವಕಿ ಕೊನೆಯ ಸಾಲಿನಲ್ಲಿ ಮಡಿಲಲ್ಲಿ ಬ್ಯಾಗು ಹಿಡಿದು ಕೂತಿದ್ದಳು. ಮಗಳನ್ನು ನೋಡಿ ಅತ್ತಳು. ನಾನೂ ಅತ್ತೆ. ಟೀಚರಾಗಿದ್ದಕ್ಕೆ ಇಂದು ಸಾರ್ಥಕ.

ಸೆಪ್ಟೆಂಬರ್ 17, ಬುಧವಾರ

ಶೆಡ್ಡಿಗೆ ಇನ್‌ಸ್ಪೆಕ್ಟರುಗಳು ಬಂದರಂತೆ. ಮೋರಿಗೆ ಸಿಮೆಂಟು ಹಾಕಿ ಮುಚ್ಚಿದ್ದಾರೆ, ಮಾಲೀಕನಿಗೆ ನೋಟಿಸು ಬಂದಿದೆ. ಕ್ಲಾಸಿನಲ್ಲಿ ಹೇಳಿದಾಗ ಮಕ್ಕಳು ಬೆಂಚು ಬಡಿದರು. ಗಾನವಿ ಮಾತ್ರ ಕಿಟಕಿ ಕಡೆ ನೋಡುತ್ತಿದ್ದಳು. ತುಂಬಾ ಸಂಕೋಚದ ಹುಡುಗಿ.

ಸೆಪ್ಟೆಂಬರ್ 23, ಮಂಗಳವಾರ

ಗಾನವಿ ಎರಡು ದಿನದಿಂದ ಬಂದಿಲ್ಲ ಅಂತ ಫೋನ್ ಮಾಡಿದೆ. ದೇವಕಿ ಎತ್ತಿದಳು. ಭೀಮಪ್ಪನನ್ನು ಸೋಮವಾರ ಕೆಲಸದಿಂದ ತೆಗೆದಿದ್ದಾರೆ. ಕೆಲಸ ಕಡಿಮೆ ಆಗಿದೆ ಅಂತ ಕಾಗದದಲ್ಲಿ ಬರೆದಿದ್ದಾನಂತೆ ಮಾಲೀಕ. ಬಾಯಲ್ಲಿ ಹೇಳಿದ್ದು ಬೇರೆ: ಆ ಜಾಲರಿಯ ಬಳಿ ನಿಂತು ತೊಳೆಯುತ್ತಿದ್ದವನು ನೀನೊಬ್ಬನೇ, ಆ ನಕ್ಷೆ ಯಾರ ಮನೆಯಿಂದ ಬಂತು ಅಂತ ನನಗೆ ಗೊತ್ತಿಲ್ಲವಾ?

ಅವರ ವೀಸಾ ಆ ಮಾಲೀಕನ ಹೆಸರಿನಲ್ಲಿದೆ. ನೂರ ಎಂಬತ್ತು ದಿನದಲ್ಲಿ ಬೇರೆ ಯಾರಾದರೂ ಸ್ಪಾನ್ಸರ್ ಮಾಡದಿದ್ದರೆ ಮೂವರೂ ದೇಶ ಬಿಡಬೇಕು. ಇಲ್ಲೇ ಉಳಿಯುವ ಪರ್ಮನೆಂಟ್ ವೀಸಾಕ್ಕೆ ಅರ್ಜಿ ಹಾಕಲು ಇನ್ನು ನಾಲ್ಕೇ ತಿಂಗಳಿತ್ತಂತೆ.

ಹೀಗೆಲ್ಲ ತೆಗೆಯುವ ಹಾಗಿಲ್ಲ, ಇಲ್ಲಿ ಕಾನೂನಿದೆ ದೇವಕಿ, ಎಂದೆ.

"ಕಾನೂನು ನಮ್ಮ ಕಡೆ ಇರಬೋದ್ರಿ ಅಕ್ಕಾರ. ವೀಸಾ ಅವನ ಕಡೆ ಐತಲ್ರಿ." ಆಮೇಲೆ ಹೇಳಿದಳು: "ಅವತ್ತ ಇವ್ರು ನಿಮ್ಮ ಮನಿಗೆ ಬಂದಿದ್ರಲ್ರಿ. ಇದನ್ನ ಹೇಳಾಕ ಬಂದಿದ್ರು."

ಸೆಪ್ಟೆಂಬರ್ 24, ಬುಧವಾರ

ಏನೂ ಬರೆಯಲಾಗುತ್ತಿಲ್ಲ.

ಸೆಪ್ಟೆಂಬರ್ 27, ಶನಿವಾರ

ಆಗಸ್ಟಿನ ಆ ಪುಟ ತೆಗೆದು ಓದಿದೆ. ಮೂರು ಸಲ ಓದಿದೆ. ಒಂದೇ ಒಂದು ವಾಕ್ಯ ಹೇಳಬಾರದಿತ್ತೇ ಆ ಮನುಷ್ಯ? ಮೇಡಂ, ನನ್ನ ಕೆಲಸ ಹೋಗುತ್ತದೆ. ಇಷ್ಟು. ದೊಡ್ಡ ಮನಸ್ಸು, ನಿಮ್ಮ ಕೈಯಲ್ಲಿದೆ, ಸಣ್ಣವಳು, ಇದನ್ನೆಲ್ಲ ಕೇಳಿದರೆ ಯಾರಿಗೆ ಏನು ಅರ್ಥವಾಗಬೇಕು? ನೇರವಾಗಿ ಹೇಳಿದ್ದರೆ ಎಲ್ಲ ಬೇರೆ ಇರುತ್ತಿತ್ತು.

ಹೆಲೆನ್ ಮುಂದೆ ಹೇಳಿದೆ. ಕೈ ಹಿಡಿದುಕೊಂಡಳು, ಶಾಲೆ ನಡುವೆ ಬರುವ ಹಾಗಿಲ್ಲ ಎಂದಳು, ಉಚಿತ ವಕೀಲರ ನಂಬರು ಕೊಟ್ಟಳು. ಕೆಲಸದಿಂದ ತೆಗೆದದ್ದರ ವಿರುದ್ಧ ಇಪ್ಪತ್ತೊಂದು ದಿನದೊಳಗೆ ಅರ್ಜಿ ಹಾಕಬೇಕು ಎಂದರು ವಕೀಲರು. ಭೀಮಪ್ಪ ಒಪ್ಪಲಿಲ್ಲ. "ಕೋರ್ಟ್ ಬ್ಯಾಡ್ರಿ ಮೇಡಂ. ಕೋರ್ಟಿಗೆ ಹೋದಾವನ್ನ ಯಾವ ಶೆಡ್ಡಿನಾವ ಒಳಗ ಬಿಟ್ಕೋತಾನ್ರಿ?"

ಅಕ್ಟೋಬರ್ 4, ಶನಿವಾರ, ಬ್ರಿಸ್ಬೇನ್

ಸಮ್ಮೇಳನದಲ್ಲಿ ನನ್ನ ಪ್ರಾಜೆಕ್ಟಿಗೆ ಬಹುಮಾನ ಬಂತು. ಬರದೇ ಇದ್ದುಬಿಡೋಣ ಅಂದುಕೊಂಡಿದ್ದೆ. ಹೆಲೆನ್ ಟಿಕೆಟ್ ಮಾಡಿಸಿಬಿಟ್ಟಿದ್ದಳು. ದೊಡ್ಡ ಪರದೆಯ ಮೇಲೆ ಗಾನವಿಯ ನೀಲಿ ಗೇಟು. ನಿಜ ಜೀವನದಿಂದ ಕಲಿಸುವುದು ಹೇಗೆ ಅಂತ ಇನ್ನೂರು ಜನ ಬರೆದುಕೊಂಡರು. ಆ ಹುಡುಗಿ ಈಗ ಹೇಗಿದ್ದಾಳೆ ಅಂತ ಒಬ್ಬಾಕೆ ಕೇಳಿದರು. ಚೆನ್ನಾಗಿದ್ದಾಳೆ ಎಂದೆ.

ಅಲ್ಲಿಂದ ಸೀದಾ ಇಲ್ಲಿನದೇ ಬಡಾವಣೆ ಕ್ಯಾಲಮ್‌ವೇಲಿಗೆ, ಗೀತಾ ಮನೆಗೆ. ಕಾಲೇಜಿನ ಗೆಳತಿ. ಅವಳ ಮೈದುನನದು ಸ್ಟೀಲಿನ ವರ್ಕ್‌ಶಾಪು ಇದೆ. ದಾರಿಯಲ್ಲಿ ಅಂಗಡಿಯಲ್ಲಿ ಕಾಜು ಬರ್ಫಿ ತೆಗೆದುಕೊಂಡೆ. ಕೂತೆ. ಮಕ್ಕಳ ಓದು, ಬೆಲೆ ಏರಿದ್ದು, ಮಳೆ, ಎಲ್ಲ ಮಾತಾಡಿದೆವು. ನಾನು ಬಂದ ವಿಷಯ ಮಾತ್ರ ಬಾಯಿಗೆ ಬರಲೊಲ್ಲದು. ಕೊನೆಗೆ, "ಗೀತಾ, ನಮ್ಮ ಕಡೆಯವರೊಬ್ಬರು, ತುಂಬಾ ಒಳ್ಳೆಯ ಜನ... ನಿನ್ನ ಮೈದುನನ ಹತ್ರ ಏನಾದ್ರೂ ಇದ್ರೆ..." ಎಂದೆ. ಗೀತಾ ಮುಖ ಸ್ವಲ್ಪ ಬಿಗಿಯಾಯಿತು. "ನೋಡೋಣ ಕಣೆ. ಅವನು ಶಿಫಾರಸು ಅಂದ್ರೆ ಉರಿದುಬೀಳ್ತಾನೆ, ಇಲ್ಲಿ ಹಾಗೆಲ್ಲ ನಡೆಯಲ್ಲ" ಎಂದಳು. ಅವಳಿಗೆ ನಾನು ಹೇಳಿದ್ದು ಸರಿಯಾಗಿ ತಲುಪಲೇ ಇಲ್ಲ. ಜನ ಪೂರ್ತಿ ಕೇಳಿಸಿಕೊಳ್ಳುವುದೇ ಇಲ್ಲ.

ಅಕ್ಟೋಬರ್ 18, ಶನಿವಾರ

ಭೀಮಪ್ಪನ ಮನೆಗೆ ಹೋಗಿದ್ದೆ, ಅವರ ಬಯೋಡೇಟಾ ಮಾಡಿಕೊಡಲು. ಈಗ ಅಡಿಲೇಡಿನ ಹೊರಗೆ ವರ್ಜೀನಿಯಾ ಕಡೆ ಗ್ಲಾಸ್‌ಹೌಸಿನಲ್ಲಿ ಸೌತೆಕಾಯಿ ಕೀಳುವ ಕೆಲಸ. ಸ್ಪಾನ್ಸರ್ ಸಿಗುವವರೆಗೆ ಹೊಟ್ಟೆಪಾಡು. ದೇವಕಿ ಚಹಾ ಕೊಟ್ಟಳು. ಗಾನವಿ ರೂಮಿನಿಂದ ಹೊರಗೆ ಬರಲಿಲ್ಲ.

ಬೆಳಗಾವಿ ಉದ್ಯಮಬಾಗದ ಫೌಂಡ್ರಿಯಲ್ಲಿ ಹದಿನಾರು ವರ್ಷ ಅಂತ ಟೈಪ್ ಮಾಡುತ್ತಿದ್ದವಳು ನಿಲ್ಲಿಸಿ, ಅವತ್ತು ನಾನು ನಿಮ್ಮ ಮಾತು ಕೇಳಿಸಿಕೊಳ್ಳಲಿಲ್ಲ, ತಪ್ಪಾಯಿತು, ಎಂದೆ. ಅವರು ತಲೆ ಅಲ್ಲಾಡಿಸಿದರು.

"ಆ ನೀರು ಬಿಟ್ಟಾವ ನಾನ ಅಲ್ರಿ ಮೇಡಂ. ಮಗಳ ಟೀಚರ್ ಮುಂದ ಕುಂತು ಅದನ್ನ ಹ್ಯಾಂಗ ಬಾಯಿಬಿಟ್ಟು ಹೇಳ್ಲಿ? ನಾಚಿಕಿ ಬಂತ್ರಿ."

"ಮಗಳು ಕೇಳಿದಾಗ ಹೇಳಿದ್ರಲ್ಲ?"

"ಆಕಿ ಕೇಳಿದ್ಲು. ಆಕಿಗೆ ಸುಳ್ಳ ಹೇಳಾಕ ಬರಲಿಲ್ಲ."

ಹೊರಗೆ ಬಂದು ಕಾರಿನಲ್ಲಿ ಕೂತು ತುಂಬಾ ಹೊತ್ತು ಅತ್ತೆ.

ನವೆಂಬರ್ 6, ಗುರುವಾರ

ಗಾನವಿ ಕ್ಲಾಸಿಗೆ ಬರುತ್ತಾಳೆ, ಬರೆಯುವುದಿಲ್ಲ. ಏನು ಕೇಳಿದರೂ ಗೊತ್ತಿಲ್ಲ ಅನ್ನುತ್ತಾಳೆ. ಇಂದು ಉಪ್ಪಿನ ಸೂತ್ರ ಕೇಳಿದೆ. ಅದಕ್ಕೂ ಗೊತ್ತಿಲ್ಲ. ಗೊತ್ತಿದೆ ಅಂತ ನನಗೆ ಗೊತ್ತು. ದೇವಕಿ ಹೇಳುತ್ತಾಳೆ, ಮನೆಯಲ್ಲಿ ಅಪ್ಪನ ಜೊತೆ ಊಟಕ್ಕೆ ಕೂರುವುದೂ ಇಲ್ಲವಂತೆ. ತಾನೇ ಅಪ್ಪನ ಕೆಲಸ ಕಳೆದೆ ಅಂತ ಹಚ್ಚಿಕೊಂಡಿದ್ದಾಳೆ. ಯಾರು ಎಷ್ಟು ಹೇಳಿದರೂ ಕೇಳುತ್ತಿಲ್ಲ.

ನವೆಂಬರ್ 28, ಶುಕ್ರವಾರ

ಒಂದು ಬೆಳಕು ಕಂಡಿದೆ. ಪರ್ತ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗ ಉತ್ತಮ್, ಗಣಿ ಯಂತ್ರಗಳ ರಿಪೇರಿ ಕಂಪನಿಯಲ್ಲಿ ಸೂಪರ್‌ವೈಸರ್. ಇಪ್ಪತ್ತು ಸಲ ಫೋನ್ ಮಾಡಿದ್ದೇನೆ. "ದೊಡ್ಡ ಮನಸ್ಸು ಮಾಡೋ, ಎಲ್ಲ ನಿನ್ನ ಕೈಲಿದೆ" ಎಂದು ಬೇಡಿಕೊಂಡಿದ್ದೇನೆ. ಅವನು ಭೀಮಪ್ಪನನ್ನು ಕರೆಸಿ ವೆಲ್ಡಿಂಗ್ ಮಾಡಿಸಿ ನೋಡಿದ. "ಅಕ್ಕ, ಎಂಥಾ ಕೈ ಅದು! ನಮ್ಮ ಹುಡುಗ್ರೆಲ್ಲ ಕೆಲ್ಸ ಬಿಟ್ಟು ನೋಡ್ತಾ ನಿಂತ್ಬಿಟ್ರು" ಎಂದ. ಸ್ಪಾನ್ಸರ್ ಮಾಡಲು ಮ್ಯಾನೇಜರು ಒಪ್ಪಿದ್ದಾನೆ, ಕಾಗದ ಪತ್ರ ಆಗಬೇಕು. ಎರಡು ತಿಂಗಳಲ್ಲಿ ಇಂದೇ ಸರಿಯಾಗಿ ಊಟ ಮಾಡಿದ್ದು.

ಡಿಸೆಂಬರ್ 9, ಮಂಗಳವಾರ

ಉತ್ತಮ್ ಫೋನ್ ಮಾಡಿದ. "ಸಾರಿ ಅಕ್ಕ. ಹಳೇ ಮಾಲೀಕನಿಗೆ ಫೋನ್ ಮಾಡಿ ವಿಚಾರಿಸಿದ್ರು. ಕೆಲ್ಸಗಾರ ಒಳ್ಳೆಯವನೇ, ಆದ್ರೆ ಒಳಗಿನ ವಿಷ್ಯ ಹೊರಗೆ ಹಾಕ್ತಾನೆ ಅಂದನಂತೆ. ನಮ್ಮವರು ಹಿಂದೆ ಸರಿದ್ಬಿಟ್ರು."

ಅದು ಹಾಗಲ್ಲ ಉತ್ತಮ್, ಎಂದೆ. ಸರಿ ಅಂತ ಫೋನ್ ಇಟ್ಟೆ. ಹೊರಗೆ ಹಾಕಿದ್ದು ನಾನು.

ಡಿಸೆಂಬರ್ 12, ಶುಕ್ರವಾರ

ವರ್ಷದ ಕೊನೆಯ ದಿನ. ನನ್ನ ಕೆಲಸ ಪರ್ಮನೆಂಟ್ ಆಯಿತು. ಹೆಲೆನ್ ಕೇಕ್ ತರಿಸಿದ್ದಳು. ಇವರು ಕೇಳಿದರು, "ಖುಷಿ ಆಯ್ತಾ?" ಪಾತ್ರೆ ತೊಳೆಯಲು ಎದ್ದೆ.

ಫೆಬ್ರವರಿ 3, 2026, ಮಂಗಳವಾರ

ಹೊಸ ಒಂಬತ್ತನೇ ತರಗತಿ. ಸೆಕೆಗೆ ಮಕ್ಕಳು ಬಾಡಿಹೋಗಿದ್ದರು. ನಾಲ್ಕನೇ ಪಾಠ, ಆಮ್ಲ ಮತ್ತು ಪ್ರತ್ಯಾಮ್ಲ, ಪುಟ 41ರಿಂದ 46. ಪ್ರಶ್ನೋತ್ತರ ಬರೆಸಿದೆ. ಒಬ್ಬಳು, ಈ ವರ್ಷ ಹಳ್ಳಕ್ಕೆ ಹೋಗಲ್ವಾ ಮಿಸ್ ಎಂದಳು. ಸಿಲೆಬಸ್ ತುಂಬಾ ಇದೆ ಎಂದೆ. ನಿಜವಾಗಿಯೂ ತುಂಬಾ ಇದೆ.

ಫೆಬ್ರವರಿ 21, ಶನಿವಾರ

ದೇವಕಿ ಫೋನ್. ಟಿಕೆಟ್ ಆಯಿತು, ಮಾರ್ಚ್ ಒಂದಕ್ಕೆ. ಕೊನೆಯ ದಿನದವರೆಗೂ ಕಾದು ಕೂರುವ ಶಕ್ತಿ ಇಲ್ಲ ಎಂದಳು. ಸಾಮಾನು ಜಾಸ್ತಿ ಇದೆ, ಏರ್‌ಪೋರ್ಟಿಗೆ ನಿಮ್ಮ ಕಾರು ಬರಬಹುದೇನ್ರಿ ಅಂತ ಕೇಳಿದಳು. ನೇರವಾಗಿ ಕೇಳಿದಳು. ಬರುತ್ತೇವೆ ಎಂದೆ.

ಮಾರ್ಚ್ 1, ಭಾನುವಾರ

ಬೆಳಿಗ್ಗೆ ಎಂಟಕ್ಕೇ ಹೋದೆವು. ಆರು ಸೂಟ್‌ಕೇಸು, ಒಂದು ಮಿಕ್ಸಿ. ಭೀಮಪ್ಪ ಬಾಡಿಗೆ ಮನೆಯ ಬಾಗಿಲಿಗೆ ಬೀಗ ಹಾಕಿ, ಮತ್ತೆ ತೆಗೆದು, ನಲ್ಲಿ ನಿಲ್ಲಿಸಿದ್ದೇನಾ ಅಂತ ನೋಡಿ ಬಂದರು. ದಾರಿಯಲ್ಲಿ ಇವರು ಬೆಳಗಾವಿಯ ಹವೆ ಈಗ ಹೇಗಿರುತ್ತದೆ ಅಂತ ಕೇಳಿದರು. ಭೀಮಪ್ಪ ವಿವರವಾಗಿ ಹೇಳಿದರು. ಗಾನವಿ ಹಿಂದೆ ನನ್ನ ಪಕ್ಕದಲ್ಲಿ ಕೂತಿದ್ದಳು. ಅಲ್ಲಿ ಜೂನಿನಲ್ಲಿ ನೇರ ಹತ್ತನೇ ತರಗತಿಗೆ ಹೋಗಿ ಬೀಳುತ್ತಾಳೆ. ಕನ್ನಡ ಓದಲು ಬರುವುದಿಲ್ಲ.

ಚೆಕ್‌ಇನ್ ಸಾಲಿನಲ್ಲಿ ದೊಡ್ಡವರೆಲ್ಲ ಸೂಟ್‌ಕೇಸ್ ತೂಕ ಮಾಡಿಸುತ್ತಿದ್ದರು. ನಾನೂ ಅವಳೂ ಪಕ್ಕದ ಬೆಂಚಿನಲ್ಲಿ ಕೂತೆವು. ನಾನು ಐದು ತಿಂಗಳಿಂದ ಮನಸ್ಸಿನಲ್ಲಿ ಕಟ್ಟಿಕೊಂಡ ಮಾತನ್ನು ಹೇಳಿದೆ. ಗಾನವಿ, ಇದರಲ್ಲಿ ನಿನ್ನ ತಪ್ಪು ಒಂದು ಚೂರೂ ಇಲ್ಲ. ಅಪ್ಪ ನನ್ನ ಹತ್ತಿರ ಬಂದಿದ್ದರು. ನಾನು ಸರಿಯಾಗಿ ಅರ್ಥ ಮಾಡಿಕೊಳ್ಳಲಿಲ್ಲ. ಅದು ನನ್ನ ತಪ್ಪು.

ಅವಳು ನನ್ನ ಕಡೆ ತಿರುಗಿದಳು. ಆಮೇಲೆ ಇಂಗ್ಲಿಷಿನಲ್ಲಿ, ಕ್ಲಾಸಿನಲ್ಲಿ ಪ್ರಶ್ನೆ ಕೇಳುವ ಧ್ವನಿಯಲ್ಲೇ ಕೇಳಿದಳು: ಅಪ್ಪ ಸ್ಪಷ್ಟವಾಗಿ ಹೇಳಿದ್ದರೆ, ಕೆಲಸ ಹೋಗುತ್ತದೆ ಅಂತ, ವೀಸಾ ಹೋಗುತ್ತದೆ ಅಂತ ಹೇಳಿದ್ದರೆ, ಆ ಸಂಜೆ ನಾನು ಮಾತಾಡುವುದನ್ನು ನೀವು ನಿಲ್ಲಿಸುತ್ತಿದ್ದಿರಾ ಮಿಸ್?

"ಖಂಡಿತ ನಿಲ್ಲಿಸ್ತಿದ್ದೆ ಕಣಮ್ಮ" ಎಂದೆ.

"ಓಕೆ, ಮಿಸ್" ಅಂದು ಎದ್ದು, ಅಪ್ಪನ ಕೈಯಿಂದ ಒಂದು ಬ್ಯಾಗು ತೆಗೆದುಕೊಳ್ಳಲು ಹೋದಳು. ಭೀಮಪ್ಪ ಕೊಡಲಿಲ್ಲ. ಇಬ್ಬರೂ ಬ್ಯಾಗಿನ ಒಂದೊಂದು ಹಿಡಿಕೆ ಹಿಡಿದುಕೊಂಡು ನಡೆದರು. ದೇವಕಿ ತಿರುಗಿ ಕೈ ಬೀಸಿದಳು.

ಸಂಜೆ ಐದಾಗಿದೆ. ಇವರು ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದಾರೆ. ಇದನ್ನು ಯಾರೂ ಓದುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಭೀಮಪ್ಪ ಸ್ಪಷ್ಟವಾಗಿಯೇ ಹೇಳಿದ್ದರೂ ನಾನು ನಿಲ್ಲಿಸುತ್ತಿರಲಿಲ್ಲ. ಧೈರ್ಯ, ಕಾನೂನು, ಸತ್ಯ ಅಂತ ಇನ್ನೂ ಹದಿನೈದು ನಿಮಿಷ ಹೆಚ್ಚಿಗೆ ಹೇಳಿ ಕಳಿಸುತ್ತಿದ್ದೆ. ಅದು ಆ ಹುಡುಗಿಗೆ ಗೊತ್ತಿತ್ತು. ಗೊತ್ತಿದ್ದೂ, ನನಗೆ ನೋವಾಗದಿರಲಿ ಅಂತ ಓಕೆ ಅಂದಳು. ನಾಳೆ ಮೊದಲ ಪೀರಿಯಡ್ಡು ಒಂಬತ್ತನೇ ತರಗತಿ, ಪುಟ 63.